ಟಿಆರ್‌ಎನ್‌ಎಗೆ ತನ್ನ ಅಮೈನೋ ಆಮ್ಲ ಯಾವುದು ಅಂತ ಗೊತ್ತಾಗುವುದು ಹೇಗೆ?

ಪ್ರಶ್ನೆ: ಎಂಆರ್‌ಎನ್‌ಎ ಸಂದೇಶ ತರುತ್ತದೆ, ರೈಬೋಸೋಮ್ ಪ್ರೋಟೀನ್ ಕಟ್ಟುತ್ತದೆ, ಟಿಆರ್‌ಎನ್‌ಎ ಅಮೈನೋ ಆಮ್ಲಗಳನ್ನು ಹೊತ್ತು ತರುತ್ತದೆ ಅಂತ ಓದಿದ್ದೇನೆ. ನನಗೆ ಎರಡು ಗೊಂದಲ ಇದೆ. ಅಮೈನೋ ಆಮ್ಲಗಳೇ ನೇರವಾಗಿ ಎಂಆರ್‌ಎನ್‌ಎ ಮೇಲೆ ಬಂದು ಕೂರಬಹುದಿತ್ತಲ್ಲ, ನಡುವೆ ಇನ್ನೊಂದು ಅಣು ಯಾಕೆ ಬೇಕು? ಮತ್ತೆ, ತಾನು ಯಾವ ಅಮೈನೋ ಆಮ್ಲವನ್ನು ಹಿಡಿಯಬೇಕು ಅಂತ ಟಿಆರ್‌ಎನ್‌ಎಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಎರಡನೇ ಪ್ರಶ್ನೆಯ ಉತ್ತರ ಚಿಕ್ಕದು, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಟಿಆರ್‌ಎನ್‌ಎಗೆ ಅದು ಗೊತ್ತಾಗುವುದೇ ಇಲ್ಲ. ರೈಬೋಸೋಮ್‌ಗೂ ಗೊತ್ತಾಗುವುದಿಲ್ಲ. ಗೊತ್ತಿರುವುದು ಒಂದು ಗುಂಪಿನ ಕಿಣ್ವಗಳಿಗೆ ಮಾತ್ರ. ಶಾಲೆ ಕಾಲೇಜಿನ ಪುಸ್ತಕಗಳಲ್ಲಿ ಆ ಕಿಣ್ವಗಳಿಗೆ ಸಿಗುವ ಜಾಗ ತೀರಾ ಕಡಿಮೆ, ನನ್ನ ಪ್ರಕಾರ ಈ ಪಾಠದ ದೊಡ್ಡ ಕೊರತೆಯೇ ಅದು. ಯಾವ ಕೋಡಾನ್‌ಗೆ, ಅಂದರೆ ಎಂಆರ್‌ಎನ್‌ಎ ಸಂದೇಶದ ಅಕ್ಷರಗಳಾದ ಬೇಸ್‌ಗಳ ಯಾವ ಮೂರರ ಗುಂಪಿಗೆ, ಯಾವ ಅಮೈನೋ ಆಮ್ಲ ಅಂತ ಕೋಷ್ಟಕ ಬರೆದು ಬಾಯಿಪಾಠ ಮಾಡುತ್ತೇವಲ್ಲ, ಆ ಕೋಷ್ಟಕ ಜೀವಕೋಶದ ಒಳಗೆ ನಿಜವಾಗಿ ಇರುವುದು ಈ ಕಿಣ್ವಗಳು ಮತ್ತು ಟಿಆರ್‌ಎನ್‌ಎಗಳ ಜೋಡಿಗಳಲ್ಲಿ. ಇದು ಮನಸ್ಸಿಗೆ ಸರಿಯಾಗಿ ಹತ್ತಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಿಮ್ಮ ಹಾಗೆಯೇ, ನೇರವಾಗಿ ಕೂರಬಹುದಲ್ಲ ಅಂತ ಯೋಚಿಸಿದ ದೊಡ್ಡ ವಿಜ್ಞಾನಿಗಳಿದ್ದರು. 1954ರಲ್ಲಿ ಭೌತವಿಜ್ಞಾನಿ ಜಾರ್ಜ್ ಗ್ಯಾಮೋ ಇಂಥದ್ದೇ ಒಂದು ವಾದ ಮುಂದಿಟ್ಟರು. ಡಿಎನ್‌ಎ ಸುರುಳಿಯಲ್ಲಿ ಬೇಸ್‌ಗಳ ನಡುವೆ ವಜ್ರಾಕಾರದ ಗುಳಿಗಳಿವೆ, ಸುತ್ತಲಿನ ಬೇಸ್‌ಗಳು ಬದಲಾದ ಹಾಗೆ ಗುಳಿಯ ಆಕಾರವೂ ಬದಲಾಗುತ್ತದೆ, ಒಂದೊಂದು ಗುಳಿಗೆ ಒಂದೊಂದು ಅಮೈನೋ ಆಮ್ಲ ಹೊಂದಿಕೊಳ್ಳುತ್ತದೆ ಅಂತ. ನೋಡಲು ಚೆಂದದ ವಾದವೇ. ಆದರೆ ಡಿಎನ್‌ಎ ರಚನೆ ಬಿಡಿಸಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ಇವತ್ತಿಗೂ ಅಷ್ಟೇ ಗಟ್ಟಿ.

ಆರ್‌ಎನ್‌ಎ ಬೇಸ್‌ಗಳು ಇನ್ನೊಂದನ್ನು ಗುರುತಿಸುವುದು ಮುಖ್ಯವಾಗಿ ಹೈಡ್ರೋಜನ್ ಬಂಧಗಳ ಮೂಲಕ. ಯಾವ ಜಾಗದಲ್ಲಿ ಹೈಡ್ರೋಜನ್ ಕೊಡುವ ಗುಂಪಿದೆ, ಯಾವ ಜಾಗದಲ್ಲಿ ತೆಗೆದುಕೊಳ್ಳುವ ಗುಂಪಿದೆ ಅನ್ನುವುದರ ಮೇಲೆ ಎ ಹೋಗಿ ಯು ಜೊತೆ, ಜಿ ಹೋಗಿ ಸಿ ಜೊತೆ ಸೇರುತ್ತವೆ. ಈಗ ಅಮೈನೋ ಆಮ್ಲಗಳ ಕಡೆ ನೋಡಿ. ವ್ಯಾಲಿನ್, ಲ್ಯೂಸಿನ್, ಐಸೋಲ್ಯೂಸಿನ್ ಇವುಗಳ ಪಕ್ಕದ ಸರಪಳಿಯಲ್ಲಿ ಇರುವುದು ಬರೀ ಇಂಗಾಲ ಮತ್ತು ಹೈಡ್ರೋಜನ್. ಎಣ್ಣೆಯ ಸ್ವಭಾವದ, ನೀರಿಗೆ ಒಗ್ಗದ ಭಾಗಗಳು. ಹೈಡ್ರೋಜನ್ ಬಂಧಕ್ಕೆ ಬೇಕಾದ ಗುಂಪು ಒಂದೂ ಇಲ್ಲ. ಇವು ಮೂರೂ ಬೇರೆ ಬೇರೆ ಅಂತ ಮೂರು ಬೇಸ್‌ಗಳ ಒಂದು ತುಣುಕು ಗುರುತಿಸಬೇಕು ಅಂದರೆ ಹೇಗೆ? ಗುರುತಿಸಲು ಹಿಡಿತವೇ ಸಿಗುವುದಿಲ್ಲ, ಅಲ್ವಾ?

ಹಾಗಾಗಿ 1955ರಲ್ಲಿ ಕ್ರಿಕ್ ತಮ್ಮ ಮಿತ್ರರ ಒಂದು ಸಣ್ಣ ಬಳಗಕ್ಕೆ ಟಿಪ್ಪಣಿಯೊಂದನ್ನು ಕಳಿಸಿದರು. ಅಮೈನೋ ಆಮ್ಲ ನೇರವಾಗಿ ಸಂದೇಶವನ್ನು ಮುಟ್ಟುವುದಿಲ್ಲ, ಮೊದಲು ಒಂದು ಅಡಾಪ್ಟರ್ ಅಣುವಿಗೆ ಅಂಟಿಕೊಳ್ಳುತ್ತದೆ, ಆ ಅಡಾಪ್ಟರ್ ತನ್ನ ಬೇಸ್‌ಗಳಿಂದ ಸಂದೇಶದ ಬೇಸ್‌ಗಳನ್ನು ಗುರುತಿಸುತ್ತದೆ, ಯಾವ ಅಡಾಪ್ಟರ್‌ಗೆ ಯಾವ ಅಮೈನೋ ಆಮ್ಲ ಅಂಟಿಸಬೇಕು ಅನ್ನುವುದನ್ನು ಪ್ರತ್ಯೇಕ ಕಿಣ್ವಗಳು ನೋಡಿಕೊಳ್ಳುತ್ತವೆ ಅಂತ ಅವರು ಊಹಿಸಿದರು. ಆಗ ಕೈಯಲ್ಲಿ ಪುರಾವೆ ಇರಲಿಲ್ಲ. ಬರೀ ತರ್ಕ. ಜೀವವಿಜ್ಞಾನದಲ್ಲಿ ಇಷ್ಟು ನಿಖರವಾಗಿ ನಿಜವಾದ ಊಹೆಗಳು ಬಹಳ ಕಡಿಮೆ.

ಅದೇ ಹೊತ್ತಿಗೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಪಾಲ್ ಜಾಮೆಕ್ನಿಕ್ ಮತ್ತು ಮಹ್ಲನ್ ಹೋಗ್ಲಂಡ್ ಬೇರೆಯೇ ದಾರಿಯಲ್ಲಿ ಹೊರಟಿದ್ದರು. ಕ್ರಿಕ್ ಟಿಪ್ಪಣಿಯ ವಿಷಯ ಇವರಿಗೆ ಗೊತ್ತಿರಲಿಲ್ಲ. ಇಲಿಯ ಯಕೃತ್ತಿನ ಜೀವಕೋಶಗಳನ್ನು ಒಡೆದು, ಆ ರಸಕ್ಕೆ ವಿಕಿರಣಶೀಲ ಅಮೈನೋ ಆಮ್ಲ ಹಾಕಿ, ಅದು ಎಲ್ಲಿ ಎಲ್ಲಿ ಹೋಗುತ್ತದೆ ಅಂತ ಬೆನ್ನು ಹತ್ತುವುದು ಅವರ ಕೆಲಸ. ಪ್ರೋಟೀನ್ ಆಗುವ ಮೊದಲು ಆ ಅಮೈನೋ ಆಮ್ಲ ಒಂದು ಪುಟ್ಟ ಆರ್‌ಎನ್‌ಎಗೆ ಅಂಟಿಕೊಂಡಿರುವುದು ಕಂಡಿತು. 1958ರಲ್ಲಿ ಅದರ ಪೂರ್ತಿ ವಿವರ ಪ್ರಕಟವಾಯಿತು. ಅದೇ ಇವತ್ತಿನ ಟಿಆರ್‌ಎನ್‌ಎ.

ಒಂದು ವಿಷಯದಲ್ಲಿ ಮಾತ್ರ ಕ್ರಿಕ್ ಲೆಕ್ಕ ತಪ್ಪಿತ್ತು. ಅಡಾಪ್ಟರ್ ತೀರಾ ಚಿಕ್ಕದಿರುತ್ತದೆ, ಬಹುಶಃ ಮೂರೇ ಬೇಸ್ ಅಂತ ಅವರು ಭಾವಿಸಿದ್ದರು. ನಿಜವಾದ ಟಿಆರ್‌ಎನ್‌ಎಯಲ್ಲಿ ಸಾಮಾನ್ಯವಾಗಿ 76ರ ಆಸುಪಾಸು, ಕೆಲವದರಲ್ಲಿ 90ರವರೆಗೂ ಬೇಸ್‌ಗಳಿರುತ್ತವೆ. ಓದುವುದು ಮೂರೇ ಬೇಸ್, ಹಾಗಾದರೆ ಉಳಿದ 73 ಯಾಕೆ? ಯಾಕೆಂದರೆ ಟಿಆರ್‌ಎನ್‌ಎ ಬರೀ ಕೋಡಾನ್ ಓದಿದರೆ ಸಾಲದು. ಕಿಣ್ವ ಅದನ್ನು ಗುರುತಿಸಬೇಕು, ರೈಬೋಸೋಮ್‌ಗೆ ಕರೆದೊಯ್ಯುವ ಪ್ರೋಟೀನ್ ಅದನ್ನು ಹಿಡಿಯಬೇಕು, ರೈಬೋಸೋಮ್ ಒಳಗೆ ಅದು ಸರಿಯಾಗಿ ಹೊಂದಬೇಕು, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಯಬೇಕು. ಇಷ್ಟಕ್ಕೆಲ್ಲ ಮೈ ಬೇಕು.

ಆ ಮೈ ಹೇಗಿದೆ ಅಂತ ಮೊದಲು ಓದಿದವರು ಕಾರ್ನೆಲ್‌ನ ರಾಬರ್ಟ್ ಹಾಲಿ ಮತ್ತು ಅವರ ತಂಡ. 140 ಕಿಲೋ ಯೀಸ್ಟ್‌ನಿಂದ ಅವರಿಗೆ ಸಿಕ್ಕಿದ್ದು ಒಂದು ಗ್ರಾಂ ಶುದ್ಧ ಅಲಾನಿನ್ ಟಿಆರ್‌ಎನ್‌ಎ. ಅದನ್ನು ಕಿಣ್ವಗಳಿಂದ ತುಂಡು ತುಂಡು ಮಾಡಿ, ತುಂಡುಗಳ ಅಂಚು ಹೊಂದಿಸಿ, 1965ರಲ್ಲಿ 77 ಬೇಸ್‌ಗಳ ಸಾಲನ್ನು ಪೂರ್ತಿ ಹೇಳಿದರು. ಒಂದು ನ್ಯೂಕ್ಲಿಯಿಕ್ ಆಮ್ಲವನ್ನು ಹೀಗೆ ತುದಿಯಿಂದ ತುದಿಗೆ ಓದಿದ್ದು ಅದೇ ಮೊದಲು. ಇವತ್ತು ಯಂತ್ರಗಳು ಕೋಟಿಗಟ್ಟಲೆ ಬೇಸ್ ಓದುತ್ತವೆ, ಆದರೆ ಆ 77ರ ಹಿಂದಿರುವ ತಾಳ್ಮೆಗೆ ನಾನು ಈಗಲೂ ತಲೆಬಾಗುತ್ತೇನೆ. ಸಾಲು ತನ್ನ ಮೇಲೆ ತಾನೇ ಮಡಚಿಕೊಂಡು ಕ್ಲೋವರ್ ಎಲೆಯ ಆಕಾರ ತಾಳಬಹುದು ಅಂತ ತೋರಿಸಿದ್ದು ಅದೇ ತಂಡದ ಎಲಿಜಬೆತ್ ಕೆಲ್ಲರ್. ಪುಸ್ತಕಗಳಲ್ಲಿ ಬರುವ ಚಿತ್ರ ಅದೇ. ಹಾಲಿಗೆ 1968ರಲ್ಲಿ ಮಾರ್ಷಲ್ ನೀರೆನ್‌ಬರ್ಗ್ ಮತ್ತು ಹರ್ ಗೋಬಿಂದ್ ಖೊರಾನಾ ಜೊತೆ ನೊಬೆಲ್ ಬಂತು. ಹಾಲಿ ಓದಿದ ಅದೇ ಟಿಆರ್‌ಎನ್‌ಎಯ ಜೀನನ್ನು ಖೊರಾನಾ ತಂಡ 1970ರಲ್ಲಿ ರಾಸಾಯನಿಕವಾಗಿ ಕಟ್ಟಿತು. ಮನುಷ್ಯ ತಯಾರಿಸಿದ ಮೊದಲ ಜೀನ್ ಅದು.

ಆದರೆ ಕ್ಲೋವರ್ ಎಲೆ ಕಾಗದದ ಮೇಲಿನ ಚಿತ್ರ ಅಷ್ಟೇ. 1974ರಲ್ಲಿ ಅಮೆರಿಕದಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಸುಂಗ್ ಹೌ ಕಿಮ್, ಇಂಗ್ಲೆಂಡಿನಲ್ಲಿ ಆರನ್ ಕ್ಲುಗ್ ಅವರ ತಂಡ, ಟಿಆರ್‌ಎನ್‌ಎಯ ಮೂರು ಆಯಾಮದ ರಚನೆಯನ್ನು ವಿವರವಾಗಿ ಬಿಡಿಸಿದರು. ಎಲೆ ಮತ್ತೊಮ್ಮೆ ಮಡಚಿ ಇಂಗ್ಲಿಷಿನ ಎಲ್ ಅಕ್ಷರದ ಆಕಾರಕ್ಕೆ ಬಂದಿರುತ್ತದೆ. ಎಲ್‌ನ ಒಂದು ತುದಿಯಲ್ಲಿ ಆಂಟಿಕೋಡಾನ್, ಅಂದರೆ ಎಂಆರ್‌ಎನ್‌ಎಯ ಕೋಡಾನ್‌ಗೆ ಜೋಡಿಯಾಗುವ ಮೂರು ಬೇಸ್. ಇನ್ನೊಂದು ತುದಿಯಲ್ಲಿ ಸಿಸಿಎ ಅನ್ನುವ ಮೂರು ಬೇಸ್‌ಗಳ ಬಾಲ. ಅಮೈನೋ ಆಮ್ಲ ಅಂಟುವುದು ಆ ಕೊನೆಯ ಎ ಮೇಲೆ. ಎಲ್ಲ ಜೀವಿಗಳಲ್ಲೂ ಈ ಬಾಲ ಒಂದೇ, ಸಿಸಿಎ.

ಆ ಎರಡು ತುದಿಗಳ ನಡುವೆ ಸುಮಾರು 7.5 ನ್ಯಾನೋಮೀಟರ್ ದೂರ ಇದೆ. ಅಣುಗಳ ಲೆಕ್ಕದಲ್ಲಿ ಇದು ತುಂಬಾ ದೂರ. ಪಾಠದಲ್ಲಿ ಇದನ್ನು ಯಾರೂ ಒತ್ತಿ ಹೇಳುವುದಿಲ್ಲ, ಆದರೆ ನಿಮ್ಮ ಪ್ರಶ್ನೆಗೆ ಇದೇ ಮುಖ್ಯ. ಕೋಡಾನ್ ಓದುವ ಕೆಲಸ ರೈಬೋಸೋಮ್‌ನ ಚಿಕ್ಕ ಭಾಗದಲ್ಲಿ ನಡೆಯುತ್ತದೆ. ಅಮೈನೋ ಆಮ್ಲಗಳನ್ನು ಜೋಡಿಸುವ ಕೆಲಸ ದೊಡ್ಡ ಭಾಗದಲ್ಲಿ ನಡೆಯುತ್ತದೆ. ಕೋಡಾನ್ ಮತ್ತು ಅಮೈನೋ ಆಮ್ಲ ಎಂದೂ ಭೇಟಿಯಾಗುವುದೇ ಇಲ್ಲ. ಎರಡಕ್ಕೂ ಸಂಬಂಧ ಇರುವುದು ನಡುವಿನ ಈ ಎಲ್ ಮೂಲಕ ಮಾತ್ರ.

ಇನ್ನು ಕಿಣ್ವಗಳಿಗೆ ಬರೋಣ. ಇವುಗಳ ಹೆಸರು ಅಮೈನೋಅಸೈಲ್ ಟಿಆರ್‌ಎನ್‌ಎ ಸಿಂಥೆಟೇಸ್. ಸುಮ್ನೆ ಸಿಂಥೆಟೇಸ್ ಅನ್ನುತ್ತೇನೆ. ಹೆಚ್ಚಿನ ಜೀವಿಗಳಲ್ಲಿ ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಬಗೆ, ಒಟ್ಟು 20. ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಕಿಣ್ವ ತನ್ನ ಅಮೈನೋ ಆಮ್ಲವನ್ನೂ ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುವನ್ನೂ ಹಿಡಿದು, ಅಮೈನೋ ಆಮ್ಲವನ್ನು ಎಟಿಪಿಯದೇ ತುಂಡಾದ ಎಎಂಪಿಗೆ ಅಂಟಿಸುತ್ತದೆ. ಆಮೇಲೆ ಸರಿಯಾದ ಟಿಆರ್‌ಎನ್‌ಎ ಬಂದಾಗ ಅಮೈನೋ ಆಮ್ಲವನ್ನು ಅದರ ಬಾಲಕ್ಕೆ ವರ್ಗಾಯಿಸುತ್ತದೆ. ಎಟಿಪಿಯ ಶಕ್ತಿ ಈಗ ಟಿಆರ್‌ಎನ್‌ಎ ಮತ್ತು ಅಮೈನೋ ಆಮ್ಲದ ನಡುವಿನ ಬಂಧದಲ್ಲಿ ಉಳಿದಿರುತ್ತದೆ. ಮುಂದೆ ರೈಬೋಸೋಮ್‌ನಲ್ಲಿ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಜೋಡಿಸಲು ಖರ್ಚಾಗುವುದು ಇದೇ ಶಕ್ತಿ. ಅಂದರೆ ಟಿಆರ್‌ಎನ್‌ಎ ಅಮೈನೋ ಆಮ್ಲವನ್ನು ಸುಮ್ನೆ ಹೊತ್ತು ತರುವುದಿಲ್ಲ, ಕೆಲಸಕ್ಕೆ ತಯಾರಾದ ಸ್ಥಿತಿಯಲ್ಲಿ ತರುತ್ತದೆ. ಬಿಡಿ ಅಮೈನೋ ಆಮ್ಲಗಳನ್ನು ಎಷ್ಟು ಹತ್ತಿರ ಇಟ್ಟರೂ ಅವು ತಾವಾಗಿ ಸರಪಳಿ ಆಗುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಇದು ಎರಡನೇ ಉತ್ತರ.

ಈಗ ಕಷ್ಟದ ಭಾಗ. ಐಸೋಲ್ಯೂಸಿನ್ ಮತ್ತು ವ್ಯಾಲಿನ್ ನಡುವೆ ಇರುವ ವ್ಯತ್ಯಾಸ ಒಂದೇ ಒಂದು ಇಂಗಾಲ, ಎರಡು ಹೈಡ್ರೋಜನ್. ಐಸೋಲ್ಯೂಸಿನ್ ದೊಡ್ಡದು, ವ್ಯಾಲಿನ್ ಚಿಕ್ಕದು. ದೊಡ್ಡದಕ್ಕೆ ಮಾಡಿದ ಗುಳಿಯಲ್ಲಿ ಚಿಕ್ಕದು ಆರಾಮವಾಗಿ ಹೋಗಿ ಕೂರಬಹುದು. ಲೈನಸ್ ಪಾಲಿಂಗ್ 1950ರ ದಶಕದಲ್ಲೇ ಈ ತೊಡಕನ್ನು ಎತ್ತಿ ತೋರಿಸಿದ್ದರು: ಆಕಾರ ಹೊಂದಿಸುವುದನ್ನೇ ನಂಬಿಕೊಂಡರೆ ಐಸೋಲ್ಯೂಸಿನ್ ಇರಬೇಕಾದ ಜಾಗದಲ್ಲಿ ವ್ಯಾಲಿನ್ ಪದೇ ಪದೇ ನುಗ್ಗಲೇಬೇಕು. ಆದರೆ ನಿಜವಾದ ಪ್ರೋಟೀನ್‌ಗಳನ್ನು ಅಳೆದಾಗ ಸಿಕ್ಕ ತಪ್ಪು ಸುಮಾರು 3000ಕ್ಕೆ ಒಂದು. ಹಾಗಾದರೆ ಉಳಿದ ತಪ್ಪುಗಳನ್ನು ಹಿಡಿಯುತ್ತಿರುವವರು ಯಾರು?

ಅದೇ ಕಿಣ್ವ. ಅದರಲ್ಲಿ ಅಂಟಿಸುವ ಜಾಗ ಒಂದು, ಕೀಳುವ ಜಾಗ ಇನ್ನೊಂದು ಇದೆ. ಅಂಟಿಸುವ ಗುಳಿಗೆ ಐಸೋಲ್ಯೂಸಿನ್‌ಗಿಂತ ದೊಡ್ಡವು ಬರುವುದಿಲ್ಲ. ಕೀಳುವ ಗುಳಿ ಇನ್ನೂ ಚಿಕ್ಕದು, ಅದರೊಳಗೆ ಐಸೋಲ್ಯೂಸಿನ್ ಹೋಗಲಾರದು, ವ್ಯಾಲಿನ್ ಹೋಗುತ್ತದೆ. ಹೋದ ವ್ಯಾಲಿನ್‌ನ ಬಂಧವನ್ನು ಕಿಣ್ವ ಅಲ್ಲೇ ನೀರಿನಿಂದ ಕತ್ತರಿಸಿ ಬಿಸಾಡುತ್ತದೆ. ಅಲನ್ ಫರ್ಶ್ಟ್ 1970ರ ದಶಕದಲ್ಲಿ ಇದನ್ನು ಎರಡು ಜರಡಿಗಳ ವಿಧಾನ ಅಂತ ವಿವರಿಸಿದರು. ಎಟಿಪಿ ಖರ್ಚು ಮಾಡಿ ಅಂಟಿಸಿದ್ದನ್ನು ಮತ್ತೆ ಕಿತ್ತು ಹಾಕುವುದು ನಷ್ಟ ಅನ್ನಿಸಬಹುದು, ಆದರೆ ಜೀವಕೋಶ ಆ ನಷ್ಟವನ್ನು ತಾನಾಗಿಯೇ ಒಪ್ಪಿಕೊಂಡಿದೆ. ಯಾಕೆ ಅಂತ ಒಂದು ಉದಾಹರಣೆಯಿಂದ ಗೊತ್ತಾಗುತ್ತದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಲಾನಿನ್ ಸಿಂಥೆಟೇಸ್‌ನ ಈ ತಿದ್ದುವ ಶಕ್ತಿ ಸ್ವಲ್ಪವೇ ಕುಗ್ಗಿದ್ದ ಇಲಿಗಳಲ್ಲಿ ಮಿದುಳಿನ ನರಕೋಶಗಳು ಸಾಯುತ್ತಿರುವುದು ಕಂಡಿತು. ಅಲಾನಿನ್ ಜಾಗಕ್ಕೆ ಅಪರೂಪಕ್ಕೆ ಸೆರಿನ್ ಸೇರುತ್ತಿತ್ತು, ಅಷ್ಟೇ. ಅಷ್ಟಕ್ಕೇ ಪ್ರೋಟೀನ್‌ಗಳು ಸರಿಯಾಗಿ ಮಡಚದೆ ಕೋಶದೊಳಗೆ ಗುಡ್ಡೆ ಬೀಳುತ್ತಿದ್ದವು.

ಕಿಣ್ವ ಅಮೈನೋ ಆಮ್ಲವನ್ನು ಗುರುತಿಸಿದ್ದಾಯಿತು. ಟಿಆರ್‌ಎನ್‌ಎಯನ್ನು ಹೇಗೆ ಗುರುತಿಸುತ್ತದೆ? ಎಲ್ಲ ಟಿಆರ್‌ಎನ್‌ಎಗಳೂ ಹೆಚ್ಚುಕಮ್ಮಿ ಒಂದೇ ಎಲ್ ಆಕಾರ. ಆಂಟಿಕೋಡಾನ್ ನೋಡಿ ಗುರುತಿಸುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಮತ್ತು ಬಹಳಷ್ಟು ಸಿಂಥೆಟೇಸ್‌ಗಳು ಹಾಗೆ ಮಾಡುವುದೂ ನಿಜ. ಆದರೆ ಎಲ್ಲವೂ ಅಲ್ಲ. ಸೆರಿನ್‌ಗೆ ಆರು ಕೋಡಾನ್‌ಗಳಿವೆ, ಅವುಗಳ ಆಂಟಿಕೋಡಾನ್‌ಗಳಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲದವೂ ಇವೆ. ಹಾಗಾಗಿ ಸೆರಿನ್ ಕಿಣ್ವ ಆಂಟಿಕೋಡಾನ್ ಕಡೆ ತಿರುಗಿಯೂ ನೋಡುವುದಿಲ್ಲ, ಟಿಆರ್‌ಎನ್‌ಎಯ ಪಕ್ಕದಲ್ಲಿ ಚಾಚಿಕೊಂಡ ಒಂದು ಉದ್ದ ತೋಳನ್ನು ಗುರುತು ಹಿಡಿಯುತ್ತದೆ. ಅಲಾನಿನ್ ಕತೆ ಇನ್ನೂ ಸೊಗಸು. 1988ರಲ್ಲಿ ಯಾ ಮಿಂಗ್ ಹೌ ಮತ್ತು ಪಾಲ್ ಷಿಮ್ಮೆಲ್ ತೋರಿಸಿದ್ದು ಏನೆಂದರೆ, 3ನೇ ಜಾಗದ ಜಿ ಮತ್ತು 70ನೇ ಜಾಗದ ಯು ಅನ್ನುವ ಒಂದೇ ಒಂದು ಜೋಡಿ ಅಲಾನಿನ್ ಟಿಆರ್‌ಎನ್‌ಎಯ ಮುಖ್ಯ ಗುರುತು. ಆ ಜೋಡಿಯನ್ನು ಸಿಸ್ಟೀನ್ ಅಥವಾ ಫಿನೈಲ್ಅಲಾನಿನ್ ಟಿಆರ್‌ಎನ್‌ಎಯಲ್ಲಿ ತಂದು ಕೂರಿಸಿದರೆ ಅವೂ ಅಲಾನಿನ್ ಹೊರಲು ಶುರು ಮಾಡುತ್ತವೆ. ಜೋಡಿ ಇರುವುದು ಅಮೈನೋ ಆಮ್ಲ ಅಂಟುವ ತುದಿಯ ಹತ್ತಿರ. ಆಂಟಿಕೋಡಾನ್‌ಗೂ ಅದಕ್ಕೂ ಸಂಬಂಧವಿಲ್ಲ.

ಇದರ ಅರ್ಥ ಸ್ವಲ್ಪ ನಿಂತು ಯೋಚಿಸಿ. ಜಿಸಿಸಿ ಅಂದರೆ ಅಲಾನಿನ್ ಅನ್ನುವುದಕ್ಕೆ ಆ ಎರಡರ ನಡುವೆ ಯಾವುದೇ ರಾಸಾಯನಿಕ ಆಕರ್ಷಣೆ ಕಾರಣವಲ್ಲ. ಒಂದು ಟಿಆರ್‌ಎನ್‌ಎಯ ಒಂದು ತುದಿಯಲ್ಲಿ ಜಿಸಿಸಿ ಓದುವ ಆಂಟಿಕೋಡಾನ್ ಇದೆ, ಅದರ ಇನ್ನೊಂದು ತುದಿಯನ್ನು ಅಲಾನಿನ್ ಕಿಣ್ವ ಗುರುತಿಸುತ್ತದೆ, ಅಷ್ಟೇ ಕಾರಣ.

ಹಾಗಾದರೆ ಕಿಣ್ವವೇ ತಪ್ಪು ಅಮೈನೋ ಆಮ್ಲ ಅಂಟಿಸಿಬಿಟ್ಟರೆ ರೈಬೋಸೋಮ್ ಹಿಡಿಯುತ್ತದೆಯೇ? ಈ ಪ್ರಶ್ನೆಗೆ 1962ರಲ್ಲಿ ಫ್ರಾನ್ಸ್ವಾ ಷಾಪ್‌ವಿಲ್, ಫ್ರಿಟ್ಜ್ ಲಿಪ್‌ಮನ್, ಸೀಮೋರ್ ಬೆನ್ಜರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಪ್ರಯೋಗ ಇದೇ. ಸಿಸ್ಟೀನ್‌ನಲ್ಲಿ ಗಂಧಕ ಇರುತ್ತದೆ, ಆ ಗಂಧಕವನ್ನು ತೆಗೆದರೆ ಉಳಿಯುವುದು ಅಲಾನಿನ್. ಅವರು ಸಿಸ್ಟೀನ್ ಟಿಆರ್‌ಎನ್‌ಎಗೆ ಮಾಮೂಲಿನಂತೆ ಸಿಸ್ಟೀನ್ ಅಂಟಿಸಿದರು. ಆಮೇಲೆ ನಿಕಲ್ ಲೋಹದ ಒಂದು ವಿಶೇಷ ಪುಡಿ ಬಳಸಿ, ಅಂಟಿಕೊಂಡಿರುವಾಗಲೇ ಅದರ ಗಂಧಕ ಕಿತ್ತರು. ಈಗ ಟಿಆರ್‌ಎನ್‌ಎ ಸಿಸ್ಟೀನ್‌ನದು, ಹೊತ್ತಿರುವುದು ಅಲಾನಿನ್. ಇದನ್ನು ರೈಬೋಸೋಮ್‌ಗೆ ಕೊಟ್ಟಾಗ, ಸಿಸ್ಟೀನ್ ಬರಬೇಕಾದ ಜಾಗದಲ್ಲಿ ಅದು ಯಾವ ತಕರಾರೂ ಇಲ್ಲದೆ ಅಲಾನಿನ್ ಸೇರಿಸಿತು.

ಪಾರ್ಸೆಲ್ ತಲುಪಿಸುವವನು ಮೇಲಿನ ವಿಳಾಸ ಓದುತ್ತಾನೆಯೇ ಹೊರತು ಪೆಟ್ಟಿಗೆ ಬಿಚ್ಚಿ ಒಳಗೇನಿದೆ ಅಂತ ನೋಡುವುದಿಲ್ಲವಲ್ಲ, ರೈಬೋಸೋಮ್ ಕೂಡ ಹಾಗೆಯೇ ಆಂಟಿಕೋಡಾನ್ ಮಾತ್ರ ಪರೀಕ್ಷೆ ಮಾಡುತ್ತದೆ. ಸಿಂಥೆಟೇಸ್‌ಗಳು ಅಷ್ಟು ಕಟ್ಟುನಿಟ್ಟಾಗಿರಬೇಕಾದದ್ದು ಇದಕ್ಕೇ. ಅವುಗಳ ನಂತರ ಅಮೈನೋ ಆಮ್ಲವನ್ನು ನೋಡಿ ತಪ್ಪು ಹಿಡಿಯುವ ಗಟ್ಟಿ ಪರೀಕ್ಷೆ ಇನ್ನೊಂದಿಲ್ಲ.

ಆದರೆ ಆಂಟಿಕೋಡಾನ್ ಪರೀಕ್ಷೆಯನ್ನು ಮಾತ್ರ ರೈಬೋಸೋಮ್ ಬಹಳ ಮುತುವರ್ಜಿಯಿಂದ ಮಾಡುತ್ತದೆ. ಬ್ಯಾಕ್ಟೀರಿಯಾದಲ್ಲಿ ಇಎಫ್‌ಟಿಯು ಅನ್ನುವ ಪ್ರೋಟೀನ್, ಎಟಿಪಿ ತರಹದ್ದೇ ಶಕ್ತಿಯ ಅಣುವಾದ ಜಿಟಿಪಿಯನ್ನು ಹಿಡಿದುಕೊಂಡು, ಅಮೈನೋ ಆಮ್ಲ ಹೊತ್ತ ಟಿಆರ್‌ಎನ್‌ಎಯನ್ನು ರೈಬೋಸೋಮ್‌ನ ಎ ಜಾಗಕ್ಕೆ, ಅಂದರೆ ಹೊಸ ಟಿಆರ್‌ಎನ್‌ಎ ಬಂದು ಕೂರುವ ಜಾಗಕ್ಕೆ, ತರುತ್ತದೆ. ಅಲ್ಲಿ ಕೋಡಾನ್ ಮತ್ತು ಆಂಟಿಕೋಡಾನ್ ಜೋಡಿಯಾದರೆ, ರೈಬೋಸೋಮ್‌ನ ಸ್ವಂತ ಆರ್‌ಎನ್‌ಎಯ ಮೂರು ಬೇಸ್‌ಗಳು ಆ ಪುಟ್ಟ ಜೋಡಿಯ ಪಕ್ಕಕ್ಕೆ ಬಂದು ಅದರ ಆಕಾರ ಸರಿ ಇದೆಯಾ ಅಂತ ತಡವಿ ನೋಡುತ್ತವೆ. ಇದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದ್ದು 2001ರಲ್ಲಿ ವೆಂಕಿ ರಾಮಕೃಷ್ಣನ್ ಅವರ ತಂಡ. ರೈಬೋಸೋಮ್ ರಚನೆಗಾಗಿ ಅವರಿಗೆ ಥಾಮಸ್ ಸ್ಟೈಟ್ಜ್, ಆಡಾ ಯೋನತ್ ಜೊತೆ 2009ರ ರಸಾಯನಶಾಸ್ತ್ರ ನೊಬೆಲ್ ಬಂತು. ಆಕಾರ ಸರಿ ಇದ್ದರೆ ಜಿಟಿಪಿ ಒಡೆಯುತ್ತದೆ, ಇಎಫ್‌ಟಿಯು ಬಿಟ್ಟು ಹೋಗುತ್ತದೆ. ಜಿಟಿಪಿ ಒಡೆದ ಮೇಲೂ ತಪ್ಪು ಟಿಆರ್‌ಎನ್‌ಎ ಜಾರಿಹೋಗಲು ಇನ್ನೊಂದು ಅವಕಾಶ ಇರುತ್ತದೆ. ಹೀಗೆ ಎರಡು ಸಲ ಸೋಸುವುದರಿಂದಲೇ ಒಟ್ಟು ತಪ್ಪು ಸಾವಿರದಿಂದ ಹತ್ತು ಸಾವಿರ ಅಮೈನೋ ಆಮ್ಲಗಳಿಗೆ ಒಂದರ ಮಟ್ಟದಲ್ಲಿ ನಿಲ್ಲುತ್ತದೆ.

ಮುಂದಿನ ಹೆಜ್ಜೆಯನ್ನು ತುಂಬಾ ಜನ ಉಲ್ಟಾ ಅರ್ಥ ಮಾಡಿಕೊಂಡಿರುತ್ತಾರೆ. ಹೊಸ ಅಮೈನೋ ಆಮ್ಲ ಹೋಗಿ ಬೆಳೆಯುತ್ತಿರುವ ಸರಪಳಿಗೆ ಅಂಟುತ್ತದೆ ಅಂದುಕೊಳ್ಳುತ್ತಾರೆ. ನಡೆಯುವುದು ಹಾಗಲ್ಲ. ಸರಪಳಿ ಆವರೆಗೆ ಎ ಪಕ್ಕದ ಪಿ ಜಾಗದ ಟಿಆರ್‌ಎನ್‌ಎಗೆ ಅಂಟಿಕೊಂಡಿರುತ್ತದೆ. ಬಂಧ ಕೂಡುವಾಗ ಇಡೀ ಸರಪಳಿ ಆ ಟಿಆರ್‌ಎನ್‌ಎಯನ್ನು ಬಿಟ್ಟು, ಎ ಜಾಗದಲ್ಲಿರುವ ಹೊಸ ಅಮೈನೋ ಆಮ್ಲದ ಮೇಲೆ ಹೋಗಿ ಕೂರುತ್ತದೆ. ಸರಪಳಿ 5 ಅಮೈನೋ ಆಮ್ಲದ್ದಿರಲಿ 500ರದ್ದಿರಲಿ, ಪ್ರತಿ ಹೆಜ್ಜೆಗೂ ಟಿಆರ್‌ಎನ್‌ಎಯಿಂದ ಟಿಆರ್‌ಎನ್‌ಎಗೆ ಕೈ ಬದಲಾಗುತ್ತಲೇ ಹೋಗುತ್ತದೆ. ಪ್ರೋಟೀನ್ ಮುಗಿಯುವ ತನಕ ಅದು ಯಾವುದೋ ಒಂದು ಟಿಆರ್‌ಎನ್‌ಎಗೆ ಕಟ್ಟಿಕೊಂಡೇ ಇರುತ್ತದೆ. ಈ ಬಂಧ ಕೂಡಿಸುವ ಜಾಗದಲ್ಲಿ ಕೆಲಸ ಮಾಡುವುದು ರೈಬೋಸೋಮ್‌ನ ಆರ್‌ಎನ್‌ಎ, ಪ್ರೋಟೀನ್ ಅಲ್ಲ. ಇದನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಆಮೇಲೆ ಇನ್ನೊಂದು ಜಿಟಿಪಿ ಖರ್ಚಾಗಿ ಎಲ್ಲವೂ ಒಂದು ಕೋಡಾನ್‌ನಷ್ಟು ಸರಿಯುತ್ತದೆ. ಖಾಲಿ ಟಿಆರ್‌ಎನ್‌ಎ ಇ ಜಾಗದ ಮೂಲಕ ಹೊರಬಂದು ಮತ್ತೆ ತನ್ನ ಸಿಂಥೆಟೇಸ್ ಹತ್ತಿರ ಹೋಗುತ್ತದೆ. ಬ್ಯಾಕ್ಟೀರಿಯಾದಲ್ಲಿ ಇದೆಲ್ಲ ಸೆಕೆಂಡಿಗೆ 15ರಿಂದ 20 ಸಲ ನಡೆಯುತ್ತದೆ.

ಕೋಡಾನ್‌ಗಳ ಲೆಕ್ಕಕ್ಕೆ ಬಂದರೆ, ಅಮೈನೋ ಆಮ್ಲಕ್ಕೆ ಸಂಕೇತವಾದ ಕೋಡಾನ್‌ಗಳು 61. ಹಾಗಾದರೆ 61 ಬಗೆಯ ಟಿಆರ್‌ಎನ್‌ಎ ಬೇಕಾ? ಬೇಡ. ಕೋಡಾನ್‌ನ ಮೊದಲ ಎರಡು ಬೇಸ್‌ಗಳ ಬಗ್ಗೆ ರೈಬೋಸೋಮ್ ಕಟ್ಟುನಿಟ್ಟು, ಮೂರನೆಯದರ ಬಗ್ಗೆ ಸಡಿಲ. 1966ರಲ್ಲಿ ಕ್ರಿಕ್ ಅವರೇ ಇದನ್ನು ಊಹಿಸಿ ವಾಬಲ್, ಅಂದರೆ ಓಲಾಟ, ಅಂತ ಕರೆದರು. ಹಾಲಿ ಓದಿದ ಅಲಾನಿನ್ ಟಿಆರ್‌ಎನ್‌ಎಯಲ್ಲೇ ಇದಕ್ಕೆ ಉದಾಹರಣೆ ಇದೆ. ಅದರ ಆಂಟಿಕೋಡಾನ್‌ನಲ್ಲಿ ಇನೋಸಿನ್ ಅನ್ನುವ ಬದಲಾದ ಬೇಸ್ ಇದೆ, ಅದು ಯು, ಸಿ, ಎ ಮೂರರ ಜೊತೆಗೂ ಜೋಡಿಯಾಗಬಲ್ಲದು. ಹಾಗಾಗಿ ಒಂದೇ ಟಿಆರ್‌ಎನ್‌ಎ ಜಿಸಿಯು, ಜಿಸಿಸಿ, ಜಿಸಿಎ ಮೂರನ್ನೂ ಓದುತ್ತದೆ. ನಮ್ಮ ಜೀವಕೋಶದೊಳಗೆ ಶಕ್ತಿ ತಯಾರಿಸುವ, ತನ್ನದೇ ಡಿಎನ್‌ಎ ಇರುವ ಮೈಟೊಕಾಂಡ್ರಿಯಾ ಅಂತೂ ಬರೀ 22 ಟಿಆರ್‌ಎನ್‌ಎಗಳಲ್ಲಿ ಇಡೀ ಕೆಲಸ ಮುಗಿಸುತ್ತದೆ.

ಇನೋಸಿನ್ ತರಹದ ಬದಲಾವಣೆಗಳು ಅಲಂಕಾರಕ್ಕೆ ಅಲ್ಲ. ಟಿಆರ್‌ಎನ್‌ಎ ತಯಾರಾದ ಮೇಲೆ ಅದರ ಬೇಸ್‌ಗಳನ್ನು ಹತ್ತಾರು ಕಿಣ್ವಗಳು ತಿದ್ದುತ್ತವೆ. ಆರ್‌ಎನ್‌ಎಗಳಲ್ಲಿ ಒಟ್ಟು ನೂರಕ್ಕೂ ಜಾಸ್ತಿ ಬಗೆಯ ಇಂಥ ತಿದ್ದುಪಡಿಗಳು ಗೊತ್ತಿವೆ, ಮತ್ತು ಅತಿ ಹೆಚ್ಚು ತಿದ್ದುಪಡಿ ಕಂಡುಬರುವುದು ಟಿಆರ್‌ಎನ್‌ಎಗಳಲ್ಲೇ. ಇವು ತಪ್ಪಿಹೋದರೆ ಏನಾಗುತ್ತದೆ ಅನ್ನುವುದಕ್ಕೆ ಮೆಲಾಸ್ ಅನ್ನುವ ಕಾಯಿಲೆ ನೋಡಿ. ಮೈಟೊಕಾಂಡ್ರಿಯಾ ಡಿಎನ್‌ಎಯ 3243ನೇ ಜಾಗದಲ್ಲಿ ಎ ಹೋಗಿ ಜಿ ಬಂದಿರುವುದು ಇದಕ್ಕೆ ಸಾಮಾನ್ಯ ಕಾರಣ. ಆ ಜಾಗ ಇರುವುದು ಲ್ಯೂಸಿನ್‌ನ ಒಂದು ಟಿಆರ್‌ಎನ್‌ಎ ಜೀನಿನಲ್ಲಿ. ಒಂದು ಬೇಸ್ ಬದಲಾದ ಕಾರಣ ಆ ಟಿಆರ್‌ಎನ್‌ಎಯ ಆಂಟಿಕೋಡಾನ್‌ಗೆ ಸಿಗಬೇಕಾದ ತಿದ್ದುಪಡಿ ಸಿಗುವುದಿಲ್ಲ, ಯುಯುಜಿ ಕೋಡಾನ್‌ಗಳನ್ನು ಓದಲು ಅದು ಒದ್ದಾಡುತ್ತದೆ. ಮೈಟೊಕಾಂಡ್ರಿಯಾ ಶಕ್ತಿ ತಯಾರಿಸಲು ಬೇಕಾದ ಪ್ರೋಟೀನ್‌ಗಳು ಕೊರತೆಯಾಗುತ್ತವೆ. ರೋಗಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಪಾರ್ಶ್ವವಾಯು ತರಹದ ಆಘಾತ, ಫಿಟ್ಸ್, ಸ್ನಾಯುಗಳ ಬಲಹೀನತೆ ಬರಬಹುದು. ಅದೇ ಬದಲಾವಣೆ ಇನ್ನು ಕೆಲವರಲ್ಲಿ ಸಕ್ಕರೆ ಕಾಯಿಲೆ ಮತ್ತು ಕಿವುಡುತನವಾಗಿ ಕಾಣಿಸುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಬಿಡಿಸಿ ಹೇಳಬೇಕು. ಕುಡುಗೋಲು ಕಣ ರಕ್ತಹೀನತೆಯಲ್ಲಿ ಹಿಮೋಗ್ಲೋಬಿನ್ ಜೀನಿನಲ್ಲಿ ಒಂದು ಬೇಸ್ ಬದಲಾಗಿ ಜಿಎಜಿ ಕೋಡಾನ್ ಜಿಯುಜಿ ಆಗುತ್ತದೆ, ಗ್ಲುಟಮಿಕ್ ಆಮ್ಲದ ಬದಲು ವ್ಯಾಲಿನ್ ಬರುತ್ತದೆ. ಅಲ್ಲಿ ವ್ಯಾಲಿನ್ ಟಿಆರ್‌ಎನ್‌ಎ ಯಾವ ತಪ್ಪೂ ಮಾಡಿಲ್ಲ. ಸಂದೇಶ ಹೇಳಿದ್ದನ್ನೇ ಮಾಡಿದೆ. ಕೆಟ್ಟದ್ದು ಒಂದು ಪ್ರೋಟೀನ್. ಟಿಆರ್‌ಎನ್‌ಎ ಅಥವಾ ಸಿಂಥೆಟೇಸ್ ಕೆಟ್ಟರೆ ಹಾಗಲ್ಲ, ಆ ಕೋಡಾನ್ ಇರುವ ಎಲ್ಲ ಪ್ರೋಟೀನ್‌ಗಳ ಮೇಲೂ ಹೊಡೆತ ಬೀಳುತ್ತದೆ. ನಮ್ಮ ಜೀವಕೋಶದ ಡಿಎನ್‌ಎಯಲ್ಲಿ ಟಿಆರ್‌ಎನ್‌ಎ ಜೀನ್‌ಗಳು 400ಕ್ಕೂ ಹೆಚ್ಚಿವೆ, ಒಂದು ಕೆಟ್ಟರೆ ಅದೇ ಬಗೆಯ ಇನ್ನೊಂದು ಸಾಮಾನ್ಯವಾಗಿ ಇರುತ್ತದೆ. ಮೈಟೊಕಾಂಡ್ರಿಯಾದ 22ಕ್ಕೆ ಹಾಗೆ ಬದಲಿ ಇಲ್ಲ. ಟಿಆರ್‌ಎನ್‌ಎ ಕಾಯಿಲೆಗಳಲ್ಲಿ ಹೆಚ್ಚಿನವು ಮೈಟೊಕಾಂಡ್ರಿಯಾದ್ದೇ ಆಗಿರುವುದಕ್ಕೆ ಇದೂ ಒಂದು ಕಾರಣ.

ಯುಎಎ, ಯುಎಜಿ, ಯುಜಿಎ ಈ ಮೂರು ನಿಲುಗಡೆ ಕೋಡಾನ್‌ಗಳಿಗೆ ಸಾಮಾನ್ಯವಾಗಿ ಟಿಆರ್‌ಎನ್‌ಎ ಇಲ್ಲ. ಅವನ್ನು ಗುರುತಿಸಿ ಸರಪಳಿಯನ್ನು ಬಿಡಿಸುವುದು ಪ್ರೋಟೀನ್‌ಗಳೇ.

ಔಷಧಗಳ ವಿಷಯವೂ ಇಲ್ಲಿ ಬರುತ್ತದೆ. ಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾದ ರೈಬೋಸೋಮ್‌ನಲ್ಲಿ ಕೂತು, ಟಿಆರ್‌ಎನ್‌ಎ ಎ ಜಾಗಕ್ಕೆ ಬರದಂತೆ ತಡೆಯುತ್ತದೆ. ಚರ್ಮದ ಸೋಂಕಿಗೆ ಹಚ್ಚುವ ಮುಪಿರೋಸಿನ್ ಮುಲಾಮು ಬ್ಯಾಕ್ಟೀರಿಯಾದ ಐಸೋಲ್ಯೂಸಿನ್ ಸಿಂಥೆಟೇಸ್ ಅನ್ನೇ ಕಟ್ಟಿಹಾಕುತ್ತದೆ. ನಮ್ಮ ಸಿಂಥೆಟೇಸ್ ಬೇರೆ ರೀತಿ ಇರುವುದರಿಂದ ನಮಗೆ ತೊಂದರೆ ಆಗುವುದಿಲ್ಲ.

ರೈಬೋಸೋಮ್ ಅಮೈನೋ ಆಮ್ಲವನ್ನು ನೋಡುವುದಿಲ್ಲ ಅಂದೆನಲ್ಲ, ಅದಕ್ಕೆ ಇನ್ನೂ ದೊಡ್ಡ ಸಾಕ್ಷಿ 2001ರಲ್ಲಿ ಸಿಕ್ಕಿತು. ಪೀಟರ್ ಷುಲ್ಟ್ಸ್ ತಂಡ ಮೆಥನೋಕಾಕಸ್ ಅನ್ನುವ ಸೂಕ್ಷ್ಮಜೀವಿಯಿಂದ ಟೈರೋಸಿನ್‌ನ ಟಿಆರ್‌ಎನ್‌ಎ ಮತ್ತು ಸಿಂಥೆಟೇಸ್ ಜೋಡಿಯನ್ನು ತೆಗೆದು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಹಾಕಿತು. ಟಿಆರ್‌ಎನ್‌ಎ ಯುಎಜಿ ಓದುವ ಹಾಗೆ, ಸಿಂಥೆಟೇಸ್ ಮಾತ್ರ ಪ್ರಕೃತಿಯ 20ರಲ್ಲಿ ಇಲ್ಲದ ಒಂದು ಅಮೈನೋ ಆಮ್ಲವನ್ನು ಹಿಡಿಯುವ ಹಾಗೆ ಬದಲಾಯಿಸಿದ್ದರು. ಬ್ಯಾಕ್ಟೀರಿಯಾ ಆ 21ನೆಯದನ್ನೂ ತನ್ನ ಪ್ರೋಟೀನಿನಲ್ಲಿ ಸೇರಿಸಿತು. ರೈಬೋಸೋಮ್‌ನಲ್ಲಿ ಒಂದು ಬೇಸ್ ಕೂಡ ಬದಲಾಯಿಸಬೇಕಾಗಿ ಬರಲಿಲ್ಲ. ಕೋಷ್ಟಕದಲ್ಲಿ ಹೊಸ ಸಾಲು ಸೇರಿಸಬೇಕಾದರೆ ಒಂದು ಹೊಸ ಜೋಡಿ ಸಾಕು. ಈಗ ಈ ದಾರಿಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಹೊಸ ಅಮೈನೋ ಆಮ್ಲಗಳನ್ನು ಪ್ರೋಟೀನ್‌ಗಳಿಗೆ ಸೇರಿಸಿದ್ದಾರೆ.

ಇಷ್ಟು ಓದಿದ ಮೇಲೆ ನಿಮಗೆ ಮುಂದಿನ ಪ್ರಶ್ನೆ ಹೊಳೆದಿರಬಹುದು. ಕೋಡ್ ಇರುವುದು ಸಿಂಥೆಟೇಸ್‌ಗಳಲ್ಲಿ. ಸಿಂಥೆಟೇಸ್‌ಗಳು ಸ್ವತಃ ಪ್ರೋಟೀನ್‌ಗಳು. ಅವನ್ನು ಕಟ್ಟಬೇಕಾದರೆ ಆಗಲೇ ಅಮೈನೋ ಆಮ್ಲ ಹೊತ್ತ ಟಿಆರ್‌ಎನ್‌ಎಗಳು ಬೇಕು, ಅವು ಬೇಕಾದರೆ ಸಿಂಥೆಟೇಸ್‌ಗಳು ಬೇಕು. ಹಾಗಾದರೆ ಮೊದಲ ಸಲ ಇದು ಶುರುವಾದದ್ದು ಹೇಗೆ? ರೈಬೋಸೋಮ್‌ನಲ್ಲಿ ಬಂಧ ಕೂಡಿಸುವುದು ಆರ್‌ಎನ್‌ಎ ಅಂದೆನಲ್ಲ, ಸುಳಿವು ಅಲ್ಲೇ ಇದೆ. ಅಂಟಿಸುವ ಕೆಲಸವನ್ನೂ ಒಂದು ಕಾಲಕ್ಕೆ ಆರ್‌ಎನ್‌ಎಯೇ ಮಾಡಿರಬಹುದು ಅನ್ನುವುದು ಬಹಳಷ್ಟು ವಿಜ್ಞಾನಿಗಳ ನಂಬಿಕೆ, ನನ್ನದೂ ಹೌದು. ಜಪಾನಿನ ಹಿರೋಆಕಿ ಸುಗಾ ತಂಡ ಪ್ರಯೋಗಾಲಯದಲ್ಲಿ ಫ್ಲೆಕ್ಸಿಜೈಮ್ ಅನ್ನುವ ಪುಟ್ಟ ಆರ್‌ಎನ್‌ಎಗಳನ್ನು ತಯಾರಿಸಿದೆ. ರಾಸಾಯನಿಕವಾಗಿ ಮೊದಲೇ ತಯಾರಾದ ಅಮೈನೋ ಆಮ್ಲ ಕೊಟ್ಟರೆ, ಯಾವ ಪ್ರೋಟೀನಿನ ಸಹಾಯವೂ ಇಲ್ಲದೆ ಅವು ಅದನ್ನು ಟಿಆರ್‌ಎನ್‌ಎಯ ಸಿಸಿಎ ಬಾಲಕ್ಕೆ ಅಂಟಿಸುತ್ತವೆ.